ನಾಲೆ, ಚಾನಲ್ಲು, ಕಾಲುವೆ

ಹಾಸನ ಜಿಲ್ಲೆಯಲ್ಲಿ ನೀರಿನ ದಾರಿಗೆ ಮೂರು ಹೆಸರು. ಸರ್ಕಾರಿ ಕಡತದಲ್ಲಿ ಅದು ನಾಲೆ, ಊರವರ ಬಾಯಲ್ಲಿ ಚಾನಲ್ಲು, ಕೆರೆಯ ತೂಬಿನಿಂದ ಹೊರಟರೆ ಕಾಲುವೆ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ದ್ವಾರಸಮುದ್ರ ಕೆರೆಗೆ ತನ್ನಿ ಎಂದು ಬೀದಿಗಿಳಿದ ಸೀಮೆಯಿದು, ಹೆಸರಿಗೆ ಬರವಿಲ್ಲ.

ನಾಲೆಯ ಬೇರು ಸಂಸ್ಕೃತದ ನಾಲ, ಅಂದರೆ ತಾವರೆಯ ಟೊಳ್ಳು ದಂಟು. ನಮ್ಮೊಳಗಿನ ಅನ್ನನಾಳ, ರಕ್ತನಾಳಗಳೂ ಅದೇ ದಂಟಿನ ಪೈಕಿ. ಚಾನಲ್ಲಿನ ಬೇರು ಲ್ಯಾಟಿನ್ನಿನ ಕನಾಲಿಸ್. ಅದರ ಹಿಂದಿರುವುದು ಕನ್ನ, ಎಂದರೆ ಜೊಂಡು. ಅಲ್ಲೂ ಟೊಳ್ಳು ದಂಟೇ! ಕಾಲುವೆ ಮಾತ್ರ ಈ ಕುಲದ್ದಲ್ಲ. ಅದರ ಒಡಲಲ್ಲಿರುವ ‘ಕಾಲ್’ ದ್ರಾವಿಡದ್ದು. ತಮಿಳಿನ ಕಾಲ್‌ವಾಯ್, ತೆಲುಗಿನ ಕಾಲುವ ಇದರ ಒಡಹುಟ್ಟು. ನಡೆಯುವ ಕಾಲೇ ನೀರಿಗೂ ಬಂದಿತೆಂದು ಹೇಳಲು ಆಸೆಯಾಗುತ್ತದೆ. ಆದರೆ ಬರೋ ಮತ್ತು ಎಮನೋ ಅವರ ದ್ರಾವಿಡ ನಿಘಂಟು ಎರಡು ಕಾಲುಗಳನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ.

1942ರಲ್ಲಿ ಜೊಂಡಿನ ಕುಲದ ಪದವೊಂದು ಜೀವವಿಜ್ಞಾನವನ್ನು ಹೊಕ್ಕಿತು. ಸಿ. ಎಚ್. ವ್ಯಾಡಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ, ಜೀವಿಗಳ ಬೆಳವಣಿಗೆ ‘ಕೆನಲೈಸೇಶನ್’ಗೆ ಒಳಗಾಗಿದೆ ಎಂದ. ವಂಶವಾಹಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸವಿರಲಿ, ಬಿಸಿಲು ಮಳೆ ಏರುಪೇರಾಗಲಿ, ಬೆಳವಣಿಗೆ ತನ್ನ ಜಾಡು ಬಿಡದೆ ಅದೇ ಕೊನೆ ಮುಟ್ಟುತ್ತದೆ ಎಂಬುದು ಅವನ ಮಾತಿನ ಸಾರ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅರಸೀಕೆರೆಯ ತೆಂಗಿನ ತೋಟಕ್ಕೆ ಹೋಗಬೇಕು. ಅಲ್ಲಿನ ಎತ್ತರದ ತಳಿಯಲ್ಲಿ ಪರಾಗ ಹೆಚ್ಚಾಗಿ ಬೇರೆ ಮರದಿಂದ ಬರುತ್ತದೆ. ಹಾಗಾಗಿ ಒಂದೇ ತಾಯಿಮರದ ಸಸಿಗಳಾದರೂ ಒಂದರ ವಂಶವಾಹಿಯಂತೆ ಇನ್ನೊಂದರದ್ದಿಲ್ಲ. ಮಳೆ ಕೈಕೊಟ್ಟರೆ ಕಾಯಿ ಸಣ್ಣದಾಗುತ್ತದೆ, ನುಸಿ ಹತ್ತಿದರೆ ಸಿಪ್ಪೆ ಬಿರಿದು ಸೊಟ್ಟಗಾಗುತ್ತದೆ, ಕೊಬ್ಬರಿಯ ತೂಕ ಇಳಿಯುತ್ತದೆ. ಆದರೂ ಸುಲಿದು ನೋಡಿ, ಕಣ್ಣು ಮೂರೇ. ಹೆಣ್ಣುಹೂವಿನ ಅಂಡಾಶಯ ಕಾರ್ಪೆಲ್ ಎಂಬ ಮೂರು ಭಾಗಗಳು ಕೂಡಿ ಆದದ್ದು. ಒಂದು ಬಲಿಯುತ್ತದೆ, ಎರಡು ಬತ್ತುತ್ತವೆ, ಗುರುತು ಮಾತ್ರ ಮೂರೂ ಉಳಿಸುತ್ತವೆ. ಮೊಳಕೆ ಹೊರಬರುವುದು ಮೆತ್ತಗಿರುವ ಒಂದೇ ಕಣ್ಣಿನಿಂದ. ಗಾತ್ರ ಬಾಗುತ್ತದೆ, ಕಣ್ಣಿನ ಲೆಕ್ಕ ಬಾಗುವುದಿಲ್ಲ. ಜೀವಿ ಎಲ್ಲ ಗುಣಗಳನ್ನೂ ಒಂದೇ ಬಿಗಿಯಲ್ಲಿ ಹಿಡಿದಿಡುವುದಿಲ್ಲ.

ಅಪರೂಪಕ್ಕೆ ಒಕ್ಕಣ್ಣಿನ ಕಾಯಿಯೂ ಸಿಗುತ್ತದೆ. ಏಕಾಕ್ಷಿ ಎಂದು ಅದನ್ನು ದೇವರ ಮುಂದಿಡುತ್ತಾರೆ.

ಹೀಗೆ ಜಾಡು ತಪ್ಪುವುದೂ ಉಂಟು ಎಂಬಲ್ಲಿಯೇ ನನಗೆ ಜೊಂಡಿನ ಪದಕ್ಕಿಂತ ಕಾಲುವೆ ಮೇಲೆನಿಸುವುದು. ಕೊಳವೆ ನಾಲ್ಕೂ ಕಡೆ ಮುಚ್ಚಿದ್ದು, ಉಕ್ಕುವುದಿಲ್ಲ. ಕಾಲುವೆಗೆ ಬಾಯಿ ತೆರೆದೇ ಇದೆ. ತಳದಲ್ಲಿ ಹೂಳು ಕೂರುತ್ತದೆ, ನೀರು ಮಿತಿ ಮೀರಿದರೆ ಏರಿ ಒಡೆಯುತ್ತದೆ. ಜೀವಿಯೂ ಹಾಗೆಯೇ. ಹೊರಗೆ ಗುಣ ಒಂದೇ ಥರ ಕಂಡರೂ ಒಳಗೆ ವಂಶವಾಹಿ ವ್ಯತ್ಯಾಸಗಳು ಸದ್ದಿಲ್ಲದೆ ಜಮೆಯಾಗುತ್ತಿರುತ್ತವೆ. ಕೆನಲೈಸೇಶನ್‌ಗೆ ‘ನಾಲೀಕರಣ’ ಎಂದೇನಾದರೂ ಪಾರಿಭಾಷಿಕ ಪದ ಹುಟ್ಟುವ ಮೊದಲೇ ‘ಕಾಲುವೆಗಟ್ಟುವುದು’ ಎಂದುಬಿಡುವುದು ಒಳ್ಳೆಯದು. ಹೆಪ್ಪುಗಟ್ಟುವುದು, ಸಾಲುಗಟ್ಟುವುದು ಇದ್ದೇ ಇವೆಯಲ್ಲ.

ಏರಿ ಒಡೆಯುವುದನ್ನು ವ್ಯಾಡಿಂಗ್ಟನ್ನನೇ 1953ರಲ್ಲಿ ತೋರಿಸಿದ. ಕೋಶಾವಸ್ಥೆಯಲ್ಲಿದ್ದ (ಪ್ಯೂಪಾ) ಹಣ್ಣಿನ ನೊಣಗಳಿಗೆ ಬಿಸಿ ತಾಗಿಸಿದಾಗ ಕೆಲವು ನೊಣಗಳ ರೆಕ್ಕೆಯಲ್ಲಿ ಅಡ್ಡನರ ಕಾಣಲಿಲ್ಲ. 1998ರಲ್ಲಿ ಸುಜಾನ್ ರುದರ್‌ಫರ್ಡ್ ಮತ್ತು ಸುಸಾನ್ ಲಿಂಡ್‌ಕ್ವಿಸ್ಟ್, ಎಚ್‌ಎಸ್‌ಪಿ90 ಎಂಬ ಪ್ರೋಟೀನು ಕುಂದಿದರೂ ನೊಣಗಳಲ್ಲಿ ಅಡಗಿದ್ದ ವ್ಯತ್ಯಾಸಗಳು ಹೊರಬೀಳುತ್ತವೆ ಎಂದು ಕಂಡುಕೊಂಡರು. ಇತ್ತ ವ್ಯಾಡಿಂಗ್ಟನ್ ಅಡ್ಡನರವಿಲ್ಲದ ನೊಣಗಳನ್ನೇ ಆರಿಸಿ ಪೀಳಿಗೆಯ ಮೇಲೆ ಪೀಳಿಗೆ ಕೂಡಿಸುತ್ತ ಹೋಗಿದ್ದ. ಕೊನೆಗೆ ಬಿಸಿಯನ್ನೇ ಕಾಣದ ನೊಣಗಳಲ್ಲೂ ಕೆಲವು ಅಡ್ಡನರವಿಲ್ಲದೆ ಹುಟ್ಟಿದವು.