ಚಟ್ಟಿಯ ಕಪ್ಪು ಮಸಿಯಲ್ಲ

ನಮ್ಮ ಮನೆಯಲ್ಲಿ ಮೀನು ಸಾರು ಬೇಯುತ್ತಿದ್ದದ್ದು ಕಪ್ಪು ಮಣ್ಣಿನ ಚಟ್ಟಿಯಲ್ಲಿ. ಆ ಕಪ್ಪು ಒಲೆಯ ಮಸಿ ಎಂದೇ ನಾನು ತಿಳಿದಿದ್ದೆ. ಮೂವತ್ತು ದಾಟಿದ ಮೇಲೆ, ಹವ್ಯಾಸಕ್ಕೆಂದು ಮಂಜೇಶ್ವರದ ಗದ್ದೆಯ ಜೇಡಿಮಣ್ಣು ತಂದು, ಕೈಯಿಂದಲೇ ಪಾತ್ರೆ ಮಾಡಿ ಸುಡಲು ಹೊರಟಾಗ ನಿಜ ತಿಳಿಯಿತು. ಅದು ಕುಂಬಾರರು ಬೇಕೆಂದೇ ಕೊಟ್ಟ ಬಣ್ಣ.

ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಸುಡುವಾಗ ಗಾಳಿ ಚೆನ್ನಾಗಿ ಸಿಕ್ಕರೆ ಪಾತ್ರೆ ಕೆಂಪಾಗುತ್ತದೆ. ಕೊನೆಯಲ್ಲಿ ಉಮಿ, ಒಣಹುಲ್ಲು ಸುರಿದು ಗಾಳಿ ಕಟ್ಟಿದರೆ ಹೊಗೆಯ ಇಂಗಾಲ ಮಣ್ಣಿನ ಸಣ್ಣ ರಂಧ್ರಗಳಿಗೆ ಇಳಿದು ಕಪ್ಪಾಗುತ್ತದೆ.

ಈ ವಿದ್ಯೆಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಕಬ್ಬಿಣ ಯುಗದ ಕಲ್ಲು ಸಮಾಧಿಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಿಕ್ಕವು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಭಾಗಕ್ಕೆ ಗಾಳಿ ಸಿಗದೆ ಹಾಗಾಗುತ್ತದೆ ಎಂಬುದು ಸಾಮಾನ್ಯ ವಿವರಣೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲೂ ಮುರಕಲ್ಲಿನಲ್ಲಿ ಕೊರೆದ ಆ ಕಾಲದ ಗುಹಾ ಸಮಾಧಿಗಳಿವೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನೆಂಬ ಧೈರ್ಯದಲ್ಲಿ ಮೊದಲ ಸಲ ಹಳೆಯ ಡ್ರಮ್ಮಿನಲ್ಲಿ ಜೋರು ಬೆಂಕಿ ಹಾಕಿದೆ. ಆರು ಪಾತ್ರೆಗಳಲ್ಲಿ ಐದು ಒಡೆದವು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂದು ಓದಿದ್ದೆ. ಮಣ್ಣಿನೊಳಗೆ ಉಳಿದ ತೇವವೂ ನೀರೇ ಎಂಬುದು ಆಗ ತಲೆಗೆ ಹೋಯಿತು. ಈಗ ವಾರಗಟ್ಟಲೆ ನೆರಳಲ್ಲಿ ಒಣಗಿಸುತ್ತೇನೆ, ಮಣ್ಣಿಗೆ ಮರಳು ಸೇರಿಸುತ್ತೇನೆ, ಮೊದಲು ಸಣ್ಣ ಬೆಂಕಿ ಹಾಕುತ್ತೇನೆ.

ಉಳಿದ ಒಂದನ್ನು ಉಪ್ಪನಿಗೆ ತೋರಿಸಿದೆ. ಅವರು ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಹಿಂದೆ ನಮ್ಮ ಅಂಗಡಿಗೆ ಒಬ್ಬಾಕೆ ತಲೆಹೊರೆಯಲ್ಲಿ ಚಟ್ಟಿ ತರುತ್ತಿದ್ದರಂತೆ. ಅಲ್ಯೂಮಿನಿಯಂ ಬಂದ ಮೇಲೆ ಉಪ್ಪ ಕೊಳ್ಳುವುದನ್ನು ನಿಲ್ಲಿಸಿದರು. "ಒಡೆದರೆ ನಷ್ಟ ನಮಗೆ, ಅಲ್ವಾ?" ಎಂದರು. ಸ್ವಲ್ಪ ಹೊತ್ತಿನ ನಂತರ, "ಆಕೆಗೆ ಬೇಡ ಅಂತ ಹೇಳಿದ್ದು ನಾನೇ" ಎಂದರು.

ತುಳುವಿನ 'ಬ್ಯಾರ', ಅಂದರೆ ವ್ಯಾಪಾರ, ಎಂಬ ಪದದಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎನ್ನುತ್ತಾರೆ. ವ್ಯಾಪಾರಿ ಏನು ಕೊಳ್ಳುತ್ತಾನೆ ಎಂಬುದರ ಮೇಲೆ ಒಂದು ಕುಲುಮೆ ಉರಿಯುತ್ತದೆ, ಇಲ್ಲವೇ ಆರುತ್ತದೆ. ನನ್ನ ಹವ್ಯಾಸದಿಂದ ಆ ಕೈಗಳ ವಿದ್ಯೆ ಉಳಿಯುವುದಿಲ್ಲ. ಇನ್ನೂ ಚಟ್ಟಿ ಸುಡುವವರು ನಿಮ್ಮ ಊರ ಸುತ್ತ ಇದ್ದರೆ ಒಂದನ್ನು ಕೊಳ್ಳಿ. ಮೊದಲು ಗಂಜಿ ತಿಳಿ ಕುದಿಸಿ ಪಳಗಿಸಿ, ಆಮೇಲೆ ಮೀನು ಹಾಕಿ.