ಧ್ವನಿತಂತುಗಳನ್ನು ಕಂಪಿಸುವಂತೆ ಮಾಡುವುದು ನರವೋ, ಉಸಿರೋ?

ಧ್ವನಿತಂತುಗಳ ಪ್ರತಿಯೊಂದು ಕಂಪನಕ್ಕೂ ಮಿದುಳಿನಿಂದ ಒಂದೊಂದು ನರಸಂದೇಶ ಬರುತ್ತದೆ ಎಂಬ ವಾದವನ್ನು 1950ರಲ್ಲಿ ಫ್ರಾನ್ಸಿನ ರಾವುಲ್ ಉಸ್ಸೋನ್ ಮಂಡಿಸಿದರು. ಆ ವಾದ ಇಂದು ಉಳಿದಿಲ್ಲ. ಆದರೂ ಅದನ್ನು ಮತ್ತೆ ಪರಿಶೀಲಿಸುವುದು ಸಾರ್ಥಕ, ಏಕೆಂದರೆ ಅದಕ್ಕೆ ಉತ್ತರ ಧ್ವನಿಪೆಟ್ಟಿಗೆಯ ರಚನೆಯಲ್ಲೇ ಇದೆ.

ಧ್ವನಿಪೆಟ್ಟಿಗೆಯ ಬಹುತೇಕ ಸ್ನಾಯುಗಳನ್ನು ಆಡಿಸುವ ನರ ಎದೆಯವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಬಲಗಡೆಯದು ತೋಳಿನ ಕಡೆ ಹೋಗುವ ದೊಡ್ಡ ರಕ್ತನಾಳವನ್ನು ಬಳಸಿ ಹಿಂತಿರುಗಿದರೆ, ಎಡಗಡೆಯದು ಮಹಾಪಧಮನಿಯ ಕಮಾನಿನಡಿ ಸುತ್ತಿ ಬರುತ್ತದೆ. ಎಡನರ ಅಷ್ಟು ಉದ್ದವಾಗಿರುವಾಗ, ಎರಡೂ ತಂತುಗಳಿಗೆ ಸಂದೇಶ ಪ್ರತಿ ಸಲವೂ ಏಕಕಾಲಕ್ಕೆ ತಲುಪುವುದು ಹೇಗೆ? ಈ ಆಕ್ಷೇಪವೊಂದೇ ನಿರ್ಣಾಯಕವೆಂದು ನಾನು ಭಾವಿಸುವುದಿಲ್ಲ. ಎಡಗಡೆಯ ನರತಂತುಗಳ ವೇಗ ಹೆಚ್ಚಿದ್ದರೆ ಅಂತರ ತುಂಬಿಹೋಗಬಹುದು. ಸ್ನಾಯುವಿನ ವೇಗದ ಮಿತಿಯ ಆಕ್ಷೇಪ ಇನ್ನೂ ಬಲವಾದದ್ದು. ತಾರಸ್ಥಾಯಿಯಲ್ಲಿ ಹಾಡುವ ಗಾಯಕಿಯ ತಂತುಗಳು ಸೆಕೆಂಡಿಗೆ 1000 ಸಲ ಕಂಪಿಸಬಲ್ಲವು. ಸೆಕೆಂಡಿಗೆ ಬರುವ ಸಂದೇಶಗಳ ಸಂಖ್ಯೆ ಅಲ್ಲಿಗೆ ಮುಟ್ಟುವ ಬಹಳ ಮೊದಲೇ ಸ್ನಾಯು ಸಡಿಲಗೊಳ್ಳಲು ಬಿಡುವಿಲ್ಲದೆ ಸೆಟೆದು ನಿಲ್ಲುತ್ತದೆ.

ಎಲ್ಲಕ್ಕಿಂತ ನೇರವಾದ ಸಾಕ್ಷ್ಯ ಹಳೆಯದು. 1741ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಫೆರೇನ್, ಮೃತದೇಹದಿಂದ ತೆಗೆದ ಧ್ವನಿಪೆಟ್ಟಿಗೆಯೊಳಗೆ ಗಾಳಿ ಊದಿ ಸ್ವರ ಹೊರಡಿಸಿದ್ದರು. ಅಲ್ಲಿ ಮಿದುಳೂ ಇರಲಿಲ್ಲ, ಜೀವಂತ ನರವೂ ಇರಲಿಲ್ಲ.

ಹಾಗಾದರೆ ಸ್ನಾಯುಗಳ ಪಾತ್ರ? ಅವು ತಂತುಗಳನ್ನು ಹತ್ತಿರ ತರುತ್ತವೆ, ಎಳೆಯುತ್ತವೆ, ಬಿಗಿಮಾಡುತ್ತವೆ. ಧ್ವನಿಪೆಟ್ಟಿಗೆಯ ಥೈರಾಯ್ಡ್ ಮೃದ್ವಸ್ಥಿ ತನ್ನ ಕೆಳಗಿನ ಕ್ರಿಕಾಯ್ಡ್ ಮೃದ್ವಸ್ಥಿಯ ಮೇಲೆ ಬಾಗಿದಾಗ ತಂತುಗಳು ಉದ್ದವಾಗಿ ಬಿಗಿದು ಸ್ವರ ಏರುತ್ತದೆ. ಕಂಪನಕ್ಕೆ ಬೇಕಾದ ಶಕ್ತಿ ಮಾತ್ರ ಶ್ವಾಸಕೋಶದ ಗಾಳಿಯದು.

1958ರಲ್ಲಿ ನೆದರ್ಲೆಂಡ್ಸಿನ ವಾನ್ ಡೆನ್ ಬೆರ್ಗ್ ಈ ಗಾಳಿ ಮತ್ತು ಸ್ಥಿತಿಸ್ಥಾಪಕತ್ವದ ಸಿದ್ಧಾಂತವನ್ನು ಸ್ಪಷ್ಟಪಡಿಸಿದರು. ವೇಗವಾಗಿ ಹರಿಯುವ ಗಾಳಿಯ ಒತ್ತಡ ತಗ್ಗಿ ತಂತುಗಳು ಒಳಸೆಳೆಯಲ್ಪಡುತ್ತವೆ ಎಂಬ ಬರ್ನೂಲಿ ವಿವರಣೆಯನ್ನಷ್ಟೇ ಹೇಳಿ ಮುಗಿಸುವುದು ಇಂದಿಗೂ ರೂಢಿ. ಅಷ್ಟು ಸಾಲದು. ಕಂಪನ ನಿರಂತರವಾಗಿ ನಡೆಯಲು, ತೆರೆಯುವಾಗ ಗಾಳಿಯ ತಳ್ಳು ಮುಚ್ಚುವಾಗಿನದಕ್ಕಿಂತ ಹೆಚ್ಚಿರಬೇಕು. ತಂತುವಿನ ಕೆಳ ಅಂಚು ಮೊದಲು ತೆರೆದು, ಮೊದಲು ಮುಚ್ಚುತ್ತದೆ, ಮೇಲಂಚು ಹಿಂಬಾಲಿಸುತ್ತದೆ. ಈ ಹಿಂದುಮುಂದಿನಿಂದಲೇ ಒತ್ತಡದ ವ್ಯತ್ಯಾಸ ಹುಟ್ಟುತ್ತದೆ.

ಕೆಳ ಅಂಚಿನಿಂದ ಮೇಲಂಚಿಗೆ ಹೀಗೆ ಏರುವ ಅಲೆ ಸಾಗುವುದು ಸ್ನಾಯುವಿನ ಮೇಲೆ ಹೊದ್ದಿರುವ ತೆಳುವಾದ, ಮೆದುವಾದ ಪದರದಲ್ಲಿ. 1970ರ ದಶಕದಲ್ಲಿ ಜಪಾನಿನ ಮಿನೊರು ಹಿರಾನೊ ಅದರ ಮಹತ್ವವನ್ನು ತೋರಿಸಿಕೊಟ್ಟರು. ಅಲ್ಲಿ ಗಾಯದ ಕಲೆ ಕಟ್ಟಿದರೆ ನರ, ಸ್ನಾಯು ಎರಡೂ ನೆಟ್ಟಗಿದ್ದರೂ ದನಿ ಒಡೆಯುತ್ತದೆ. ತಂತುವಿನ ಗಂಟು ತೆಗೆಯುವ ಶಸ್ತ್ರವೈದ್ಯರು ಆಳಕ್ಕೆ ಕೊಯ್ಯದೆ ಈ ಪದರವನ್ನು ಆದಷ್ಟೂ ಉಳಿಸಲು ನೋಡುವುದು ಅದಕ್ಕಾಗಿಯೇ.