ಏಳು ಮಂದಿಯ ಕೋಟೆ

ಸಂಜೆ ಹೊತ್ತು ಸಹಕಾರನಗರದ ಮೈದಾನಕ್ಕೆ ಹೋದರೆ ಒಮ್ಮೊಮ್ಮೆ ಕಬಡ್ಡಿ ಆಡುವ ಹುಡುಗರು ಕಾಣಸಿಗುತ್ತಾರೆ. ಚಪ್ಪಲಿಗಳನ್ನು ಒಂದೆಡೆ ರಾಶಿ ಹಾಕಿ, ಕಾಲಿನಿಂದಲೇ ಗೆರೆ ಎಳೆದುಕೊಂಡ ಕೂಡಲೇ ಅಲ್ಲಿ ಏಳುವ ಮೊದಲ ಜಗಳ 'ರೈಡಿಗೆ ಯಾರು ಹೋಗುವುದು' ಎಂಬುದು. ಹೋಗಲು ಎಲ್ಲರೂ ಸಿದ್ಧ. ಮೂಲೆಯಲ್ಲಿ ನಿಂತು ಕಾಲು ಹಿಡಿಯಲು ಮಾತ್ರ ಯಾರನ್ನಾದರೂ ಪುಸಲಾಯಿಸಬೇಕು. ಚಪ್ಪಾಳೆ ಬೀಳುವುದು ದಾಳಿ ಮಾಡುವವನಿಗೆ, ಮಂಡಿ ತರಚುವುದು ಹಿಡಿಯುವವನಿಗೆ.

ಇದು ಹುಡುಗರ ಆಟದಲ್ಲಷ್ಟೇ ಇರುವ ಪಕ್ಷಪಾತವಲ್ಲ. ಕಬಡ್ಡಿಯ ಬಗ್ಗೆ ನಾವು ಆಡುವ ಮಾತು, ಬರೆಯುವ ವರದಿ, ಕೊಡುವ ಹೆಸರು ಎಲ್ಲವೂ ಬಹುಮಟ್ಟಿಗೆ ದಾಳಿಗಾರರ ಸುತ್ತಲೇ ಇವೆ. ಆದರೆ ಈ ಆಟದ ಬೆಳವಣಿಗೆಯನ್ನು ತಿಳಿಯಬೇಕೆಂದರೆ ನೋಡಬೇಕಾದದ್ದು ಹಿಡಿತಗಾರರ ಕಡೆಗೆ. ಆಟದ ನಿಯಮ ಬದಲಾದಾಗಲೆಲ್ಲ ಏಳು ಮಂದಿ ನಿಲ್ಲುವ ರೀತಿ ಬದಲಾಗಿದೆ. ಹಾಗಾಗಿ ಅವರ ಕಾಲು ಊರಿದ ಜಾಗಗಳಲ್ಲೇ ಕಬಡ್ಡಿಯ ಚರಿತ್ರೆ ಇದೆ ಎಂದರೆ ತಪ್ಪಾಗಲಾರದು.

ಮೊದಲು ಕೋಟೆಯ ನಕ್ಷೆ ನೋಡೋಣ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಕ್ಕೆಲಗಳ ಒಂದೊಂದು ಮೀಟರ್ ಪಟ್ಟಿಗೆ ಲಾಬಿ ಎಂದು ಹೆಸರು. ಮುಟ್ಟಾಟ ನಡೆದ ಮೇಲಷ್ಟೇ ಅದು ಆಟದ ಜಾಗವಾಗುತ್ತದೆ. ಎಡ ಮತ್ತು ಬಲ ತುದಿಯಲ್ಲಿ ನಿಲ್ಲುವವರು ಕಾರ್ನರ್‌ಗಳು. ಅವರ ಪಕ್ಕದಲ್ಲಿ ಇಬ್ಬರು 'ಇನ್' ಆಟಗಾರರು, ಅವರ ನಂತರ ಇಬ್ಬರು ಕವರ್‌ಗಳು, ನಟ್ಟನಡುವೆ ಸೆಂಟರ್. ಕಾರ್ನರ್‌ನ ಮುಖ್ಯ ಆಯುಧ ದಾಳಿಗಾರನ ಕಣಕಾಲು ಅಥವಾ ತೊಡೆಗೆ ಹಾಕುವ ಹಿಡಿತ. ಕವರ್‌ನವನದು ಅಡ್ಡ ನಿಂತು ತಡೆಯುವ ಬ್ಲಾಕ್ ಮತ್ತು ಮೈಯಿಂದ ಅಪ್ಪಳಿಸಿ ಗೆರೆಯಾಚೆಗೆ ತಳ್ಳುವ ಡ್ಯಾಶ್. ಅಕ್ಕಪಕ್ಕದವರು ಕೈಕೈ ಹಿಡಿದು ಸರಪಳಿ ಕಟ್ಟುವುದೂ ಉಂಟು.

ಒಬ್ಬ ದುಡುಕಿದರೆ ಅವನೊಬ್ಬನೇ ಔಟಾಗುವುದಿಲ್ಲ. ದಾಳಿಗಾರ ಬಿಡಿಸಿಕೊಂಡು ಮಧ್ಯರೇಖೆ ಮುಟ್ಟಿದರೆ, ಅವನ ಮೈ ಸೋಕಿದ ಅಷ್ಟೂ ಮಂದಿ ಹೊರನಡೆಯಬೇಕು. ಆದ್ದರಿಂದ ಹಿಡಿತವೆಂಬುದು ಧೈರ್ಯದಷ್ಟೇ ಹೊಂದಾಣಿಕೆಯ ವಿದ್ಯೆ.

ಹಿಂದೆ ಈ ಆಟಕ್ಕೆ ಒಂದೇ ರೂಪ ಇರಲಿಲ್ಲ. ಅಮರ್ ಎಂಬ ಪ್ರಕಾರದಲ್ಲಿ ಔಟಾದವನು ಅಂಕಣ ಬಿಡುತ್ತಿರಲಿಲ್ಲ, ಎದುರಾಳಿಗೆ ಅಂಕ ಸೇರುತ್ತಿತ್ತು ಅಷ್ಟೆ. ಗಾಮಿನಿಯಲ್ಲಿ ಹೊರಹೋದವನು ತನ್ನ ತಂಡವೆಲ್ಲ ಔಟಾಗುವವರೆಗೆ ಹೊರಗೇ ಕೂರಬೇಕಿತ್ತು. ಸಂಜೀವನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬ ಮರಳಿ ಬದುಕಿ ಬರುತ್ತಿದ್ದ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಕಬಡ್ಡಿಯನ್ನು ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಮಟ್ಟದ ಫೆಡರೇಷನ್ ಹುಟ್ಟಿತು. ಇಂದಿನ ಆಟಕ್ಕೆ ಬುನಾದಿಯಾದದ್ದು ಸಂಜೀವನಿಯ ರೀತಿ. ಇದರ ಪರಿಣಾಮ ದೊಡ್ಡದು. ಅಂಕಣದಲ್ಲಿ ಹಿಡಿತಗಾರರ ಸಂಖ್ಯೆ ಗಳಿಗೆಗಳಿಗೆಗೆ ಏಳರಿಂದ ಐದಕ್ಕೆ, ಐದರಿಂದ ಎರಡಕ್ಕೆ ಬದಲಾಗತೊಡಗಿತು. ಪ್ರತಿ ಸಂಖ್ಯೆಗೂ ಬೇರೆ ವ್ಯೂಹ ಬೇಕಾಯಿತು.

ನಿಯಮವೇ ವ್ಯೂಹವನ್ನು ರೂಪಿಸುತ್ತದೆ ಎಂಬುದಕ್ಕೆ ದೂರದ ಒಂದು ನಿದರ್ಶನ ಅಮೆರಿಕದ ಕಾಲೇಜು ಫುಟ್‌ಬಾಲ್. ಅದು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವವನನ್ನು ಮೈಮೇಲೆ ಬಿದ್ದು ಕೆಡವುವ, ಕಬಡ್ಡಿಗೆ ಹತ್ತಿರದ ಒರಟು ಆಟ. ಒಂದು ಕಾಲಕ್ಕೆ ಇಡೀ ತಂಡವೇ ಒಂದೆಡೆ ಒತ್ತಿಕೊಂಡು ನುಗ್ಗುತ್ತಿತ್ತು, ತಡೆಯುವವರೂ ಎದುರಿಗೆ ಒತ್ತಾಗಿ ನಿಲ್ಲುತ್ತಿದ್ದರು. ಸಾವು ನೋವು ಹೆಚ್ಚಿದಾಗ 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಚೆಂಡು ತಲೆಯ ಮೇಲಿಂದ ಹಾರಬಹುದು ಎಂದಾದ ಮೇಲೆ ಎಲ್ಲರೂ ಮುಂದಿನ ಸಾಲಿನಲ್ಲಿ ನಿಂತರೆ ಆಗುತ್ತದೆಯೇ? ಕೆಲವರು ನಾಲ್ಕು ಹೆಜ್ಜೆ ಹಿಂದೆ ನಿಂತು, ಎದುರಾಳಿಯ ಚಲನೆ ಓದಿ, ನುಗ್ಗಬೇಕೋ ಕಾಯಬೇಕೋ ಎಂದು ನಿರ್ಧರಿಸಬೇಕಾಯಿತು. ಇವರೇ ಲೈನ್‌ಬ್ಯಾಕರ್‌ಗಳು. ಮಿಷಿಗನ್ ವಿಶ್ವವಿದ್ಯಾಲಯದ ಜರ್ಮನಿ ಶುಲ್ಜ್ ಎಂಬಾತನನ್ನು ಹೀಗೆ ಹಿಂದೆ ಸರಿದು ನಿಂತವರಲ್ಲಿ ಮೊದಲಿಗನೆಂದು ಹೇಳುವುದುಂಟು.

ನಮ್ಮ ಕವರ್ ಆಟಗಾರನ ಕೆಲಸವೂ ಇಂಥದ್ದೇ. ಕಬಡ್ಡಿಯಲ್ಲಿ ಅವನನ್ನು ಹಿಂದೆ ಮುಂದೆ ಆಡಿಸುವುದು ಎರಡು ಗೆರೆಗಳು. ಮಧ್ಯರೇಖೆಯಿಂದ 3.75 ಮೀಟರ್ ದೂರದ ಬಾಕ್ ಲೈನನ್ನು ದಾಳಿಗಾರ ಒಮ್ಮೆಯಾದರೂ ದಾಟಲೇಬೇಕು. ಇದರಿಂದ ಹಿಡಿತಗಾರರಿಗೆ ಹಿಂದೆ ಸರಿದು ನಿಂತು ಅವನನ್ನು ಒಳಗೆ ಕರೆಸಿಕೊಳ್ಳುವ ಅನುಕೂಲ ಸಿಕ್ಕಿತು. ಆದರೆ ಅದರಾಚೆ ಒಂದು ಮೀಟರ್‌ಗೆ ಬೋನಸ್ ಗೆರೆ ಇದೆ. ಆರು ಅಥವಾ ಏಳು ಹಿಡಿತಗಾರರು ಇರುವಾಗ, ಒಂದು ಕಾಲು ಗೆರೆಯಾಚೆ ಊರಿ ಇನ್ನೊಂದನ್ನು ಮೇಲೆತ್ತಿದರೆ ಯಾರನ್ನೂ ಮುಟ್ಟದೆ ಅಂಕ. ಆದ್ದರಿಂದ ತುಂಬಿದ ತಂಡ ಸುಮ್ಮನೆ ಹಿಂದೆ ಕಾಯುವಂತಿಲ್ಲ. ಕಾರ್ನರ್ ಮುಂದೆ ಬಂದು ಆ ಕಾಲನ್ನು ಹಿಡಿಯುವ ಸಾಹಸಕ್ಕೆ ಇಳಿಯಲೇಬೇಕು. ತಂಡ ಐದಕ್ಕೆ ಇಳಿದೊಡನೆ ಬೋನಸ್ ಇಲ್ಲ, ಮತ್ತೆ ಹಿಂದೆ ಸರಿಯಬಹುದು.

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಇನ್ನೆರಡು ನಿಯಮಗಳನ್ನು ಮನೆಮಾತಾಗಿಸಿತು. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಸೇರಿ ಹಿಡಿದರೆ ಎರಡು ಅಂಕದ ಸೂಪರ್ ಟ್ಯಾಕಲ್. ಸತತ ಎರಡು ದಾಳಿ ಬರಿದಾದರೆ ಮೂರನೆಯದು ಮಾಡು ಇಲ್ಲವೇ ಮಡಿ. ಎರಡು ದಾಳಿಗಳನ್ನು ಮೈಮುಟ್ಟದೆ ಕಳೆದು, ಮೂರನೆಯದರಲ್ಲಿ ಬಲೆ ಬೀಸುವುದು ಈಗ ಹಿಡಿತಗಾರರ ತಂತ್ರ.

ಈ ವಿದ್ಯೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಭಾರತ 2018ರಲ್ಲಿ ಕಂಡಿತು. 1990ರ ಬೀಜಿಂಗ್‌ನಿಂದ 2014ರ ಇಂಚಿಯಾನ್‌ವರೆಗೆ ಏಷ್ಯನ್ ಕ್ರೀಡಾಕೂಟದ ಏಳೂ ಪುರುಷರ ಚಿನ್ನ ನಮ್ಮದೇ. ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ನಮ್ಮನ್ನು ಮಣಿಸಿತು. ಇರಾನ್‌ನ ಎಡ ಕಾರ್ನರ್ ಫಜಲ್ ಅತ್ರಾಚಲಿ ನಮ್ಮದೇ ಲೀಗ್‌ನಲ್ಲಿ ಆಡಿ ಪಳಗಿದವರು. ಲೀಗ್‌ನಲ್ಲಿ 500ಕ್ಕೂ ಹೆಚ್ಚು ಟ್ಯಾಕಲ್ ಅಂಕ ಗಳಿಸಿದ ಸಾಧನೆ ಅವರದು. ಜಗತ್ತಿಗೆ ಆಟ ಕಲಿಸಿದ ನಾವು ನಮ್ಮ ದಾಳಿಗಾರರನ್ನು ಮೆರೆಸುತ್ತಿದ್ದಾಗ, ಇರಾನಿಗಳು ಹಿಡಿತವನ್ನು ಕರಗತ ಮಾಡಿಕೊಂಡಿದ್ದರು.

2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಭಾರತ ಚಿನ್ನವನ್ನು ಮರಳಿ ಪಡೆಯಿತು. ಆದರೆ ಆ ಫೈನಲ್ ನೆನಪಿನಲ್ಲಿ ಉಳಿದಿರುವುದು ನಿಯಮದ ಜಗಳಕ್ಕಾಗಿ. 28–28ರ ಸಮಬಲದಲ್ಲಿ ದಾಳಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಬೆನ್ನಟ್ಟಿದ ಇರಾನಿ ಹಿಡಿತಗಾರರೂ ಲಾಬಿಗೆ ಬಂದರು. ದಾಳಿಗಾರ ಮಾತ್ರ ಔಟೋ, ಬೆನ್ನಟ್ಟಿದವರೂ ಔಟೋ? ಹಳೆಯ ನಿಯಮ, ಹೊಸ ನಿಯಮಗಳ ವಾಗ್ವಾದದಲ್ಲಿ ಸುಮಾರು ಒಂದು ತಾಸು ಆಟ ನಿಂತಿತು. ಕೊನೆಗೆ ತೀರ್ಪು ಭಾರತದ ಕಡೆ ವಾಲಿ, ಪಂದ್ಯ 33–29ಕ್ಕೆ ಮುಗಿಯಿತು. ಕೋಟೆ ಗಟ್ಟಿಯಾಗಿದ್ದರೆ ಸಾಲದು, ಯಾವ ಗೆರೆಯ ಮೇಲೆ ಯಾವ ಕಾನೂನು ನಡೆಯುತ್ತದೆ ಎಂಬುದೂ ತಿಳಿದಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಂಥ ತಿಳಿವಳಿಕೆಯ ಫಲ ಏನೆಂಬುದನ್ನು ತೋರಿಸಿದವರಲ್ಲಿ ಒಬ್ಬರು ಕರ್ನಾಟಕದವರೇ ಆದ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದ ಅವರು ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಲೀಗ್ ಪ್ರಶಸ್ತಿ ಗೆಲ್ಲಿಸಿದ್ದರು. 2024ರ ಮಾರ್ಚ್ 1ರಂದು ಅವರ ಪುಣೇರಿ ಪಲ್ಟನ್ ಹರಿಯಾಣವನ್ನು 28–25ರಿಂದ ಸೋಲಿಸಿತು. ಅಂಕಗಳೇ ಹೇಳುವಂತೆ ಅದು ಹಿಡಿತದ ಪಂದ್ಯ. ಆ ಋತುವಿನಲ್ಲಿ ಪುಣೇರಿಯ ಇರಾನಿ ಹಿಡಿತಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ 99 ಟ್ಯಾಕಲ್ ಅಂಕ ಗಳಿಸಿದರು. ಹರಾಜಿನಲ್ಲಿ ಅವರಿಗೆ ಸಿಕ್ಕಿದ್ದು 2.35 ಕೋಟಿ ರೂಪಾಯಿ, ಅದೇ ಹರಾಜಿನಲ್ಲಿ ದಾಳಿಗಾರ ಪವನ್‌ಗೆ 2.605 ಕೋಟಿ. ಆಗ ಅಂತರ ಇನ್ನೂ ಇತ್ತು, ಆದರೆ ಕಿರಿದಾಗುತ್ತಿತ್ತು.

ಕರಾವಳಿಯ ಪಂದ್ಯಾವಳಿಗಳಲ್ಲಿ ಉತ್ತಮ ದಾಳಿಗಾರನ ಜೊತೆಗೆ ಉತ್ತಮ ಹಿಡಿತಗಾರನಿಗೂ ಬಹುಮಾನ ಕೊಡುವ ರೂಢಿ ಇದೆ. ನಗರದ ಬಡಾವಣೆಗಳಲ್ಲೂ ಪಂದ್ಯ ಏರ್ಪಡಿಸುವವರು ಈ ರೂಢಿಯನ್ನು ಅನುಸರಿಸಿದರೆ ಒಳ್ಳೆಯದು. ಆಗ ಸಹಕಾರನಗರದ ಮೈದಾನದಲ್ಲಿ 'ನಾನೇ ಕಾರ್ನರ್' ಎಂದು ಜಗಳಕ್ಕೆ ನಿಲ್ಲುವ ಹುಡುಗನೊಬ್ಬನಾದರೂ ಸಿಕ್ಕಾನು.